ಸುಳಿ ನೋಡದ ಗಿರಾಕಿ

"ಕುದುರೆ ಹತ್ರ ಹೋದ್ರೆ ನಿಮ್ಮ ಹೆಂಡ್ತಿಗೆ ಮೈ ಕಡಿತ, ಉಬ್ಬಸ ಏನಾದ್ರೂ ಆಗಿದ್ದುಂಟಾ?" ಸೂಜಿ ಹಿಡಿದುಕೊಂಡೇ ಡಾಕ್ಟರಮ್ಮ ಕೇಳಿದರು.

ಹಾವು ಕಚ್ಚಿದವಳನ್ನು ಮಲಗಿಸಿಕೊಂಡು ಕುದುರೆಯ ವಿಚಾರ ಕೇಳುತ್ತಾರಲ್ಲ ಎಂದು ಚಲುವಯ್ಯನಿಗೆ ದಿಕ್ಕೇ ತೋಚಲಿಲ್ಲ. ಬೆಳಿಗ್ಗೆ ಕಬ್ಬಿನ ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಮಾದಮ್ಮನಿಗೆ ಮಂಡಲದ ಹಾವು ಕಚ್ಚಿತ್ತು. ಪಾಂಡವಪುರದ ಆಸ್ಪತ್ರೆಗೆ ತರುವಷ್ಟರಲ್ಲಿ ಕಾಲು ಊದಿಕೊಂಡು, ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು.

"ಇಲ್ಲ ಕಣವ್ವ. ಜಟಕಾ ಓಡುಸ್ಕಂಡಿದ್ದೋರು ನಾವು. ಕುದ್ರೆ ಮೈ ತಿಕ್ತಿದ್ದೋಳೇ ಇವ್ಳು. ಯಾಕವ್ವ ಅಂಗ್ ಕೇಳ್ತೀರಿ?"

"ಈ ಔಷಧಿ ಮಾಡೋದೇ ಕುದುರೆ ರಕ್ತದಿಂದ. ಕೆಲವರಿಗೆ ಒಗ್ಗಲ್ಲ, ಅದಕ್ಕೇ ಕೇಳಿದೆ. ಗಟ್ಟಿ ತಟ್ಟುಗಳನ್ನ, ಅಂದ್ರೆ ಗಿಡ್ಡ ಕುದುರೆಗಳನ್ನ, ಕೊಂಡ್ಕೊಂಡು ಹೋಗಿ ಸಾಕ್ತಾರೆ. ಕತ್ತಿನ ನರದಿಂದ ಆಗಾಗ ರಕ್ತ ತೆಗೀತಾರೆ."

ಚಲುವಯ್ಯನಿಗೆ ತನ್ನ ಜಟಕಾದ ಹೆಣ್ಣುಕುದುರೆ ಕೆಂಚಿಯ ನೆನಪಾಯಿತು. ಹೋದ ವರ್ಷ, ಶ್ರೀರಂಗಪಟ್ಟಣದ ತುಂಬ ಆಟೋಗಳಾಗಿ ಜಟಕಾ ಹತ್ತುವವರೇ ಇಲ್ಲವಾದಾಗ, ಅವನು ಕೆಂಚಿಯನ್ನು ಮಾರಿದ್ದ. ಭೀಮಾ ನದಿ ಕಡೆಯ ಕುರಿಗಾರರಿಂದ ಅವನಪ್ಪ ತಂದಿದ್ದ ತಟ್ಟಿನ ಪೀಳಿಗೆ ಅದು. ನೋಡಲು ಗಿಡ್ಡ, ಒರಟು. ಒಣಹುಲ್ಲು ತಿಂದು ದಿನವಿಡೀ ಓಡುವ ಜೀವ. ಕೊಳ್ಳಲು ಬಂದವನು, ಔಷಧಿ ಮಾಡುವ ಕಡೆ ಸಾಕುವುದಕ್ಕೆ ಎಂದಿದ್ದ. ಯಾರು ನಂಬುತ್ತಾರೆ? ಸಾಕುವವನಾದರೆ ಮೊದಲು ಮೈಮೇಲಿನ ಕೂದಲ ಸುಳಿ ಶುಭವೋ ಅಶುಭವೋ ನೋಡುತ್ತಾನೆ, ಆಮೇಲೆ ಹಲ್ಲು, ಗೊರಸು. ಈ ಮಹಾರಾಯ ಸುಳಿಯ ಕಡೆ ತಿರುಗಿಯೂ ನೋಡದೆ, ಕತ್ತನ್ನು ಹೆಬ್ಬೆರಳಿನಿಂದ ಒತ್ತಿ, ಆಗಬಹುದು ಅಂದುಬಿಟ್ಟ. ಕತ್ತು ನೋಡುವವನು ಕಟುಕನಲ್ಲದೆ ಇನ್ನಾರು? ಅಷ್ಟು ಗೊತ್ತಾಗಿಯೂ ಚಲುವಯ್ಯ ಹಗ್ಗ ಬಿಚ್ಚಿ ಕೊಟ್ಟಿದ್ದ. ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ಮಾದಮ್ಮ ಅಂದಿನಿಂದ ಅವನಿಗೆ ಅನ್ನ ಇಕ್ಕುತ್ತಿದ್ದಳು, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಔಷಧಿ ಹನಿಹನಿಯಾಗಿ ಅವಳ ಮೈಗೆ ಇಳಿಯುತ್ತಿತ್ತು. ಇವಳು ಬದುಕಬೇಕು, ಬದುಕಿ ಈ ಒಂದು ಮಾತು ಕೇಳಬೇಕು ಎಂದು ಚಲುವಯ್ಯ ಕರಿಘಟ್ಟದ ದೇವರಿಗೆ ಕೈಮುಗಿದುಕೊಂಡೇ ಕೂತ.

ಮಾರನೆಯ ದಿನ ಬೆಳಿಗ್ಗೆ ರಕ್ತ ನಿಂತಿತು. ಮಾದಮ್ಮ ಕಣ್ಣು ಬಿಟ್ಟಳು.

"ಲೇ ಮಾದಿ, ಕೆಂಚೀನ ನಾನು ಕಟುಕುನ್ಗೆ ಮಾರಿಲ್ಲ ಕಣೇ. ಆವಯ್ಯ ಯೋಳುದ್ದು ದಿಟ. ನಿನ್ ಮೈಗೆ ಓಗಿರೋ ಔಸ್ದಿ ಅಂತಾ ತಟ್ಟುಗಳ ರಕ್ತುದ್ದೇಯ. ಅವ್ಳು ಎಲ್ಲೋ ಬದ್ಕವ್ಳೆ."

ಮಾದಮ್ಮನ ಕಣ್ಣು ತುಂಬಿ ಬಂತು. ಒಂದು ವರ್ಷದ ಮೇಲೆ ಗಂಡನ ಕೈ ಹಿಡಿದುಕೊಂಡಳು. ಅವನಿಗೆ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ನೋಡಲು ಬಂದ ಡಾಕ್ಟರಮ್ಮನನ್ನು ಅವಳೇ ಕೇಳಿದಳು. "ಕುದ್ರೆ ರಕ್ತುಕ್ಕೆ ಹಾವಿನ್ ಇಸ ಇಳ್ಸೋ ಸಕ್ತಿ ಎಲ್ಲಿಂದ ಬತ್ತದವ್ವ?"

"ಹಾವಿನ ವಿಷಾನೇ ಸ್ವಲ್ಪ ಸ್ವಲ್ಪ ಕುದುರೆಗೆ ಚುಚ್ತಾ ಬರ್ತಾರಮ್ಮ, ತಿಂಗಳುಗಟ್ಟಲೆ. ತಡೆಯೋ ಶಕ್ತಿ ಹಾಗೇ ಬೆಳೆಯುತ್ತೆ," ಎಂದು ಹೇಳಿ ಅವರು ಪಕ್ಕದ ಮಂಚಕ್ಕೆ ಹೋದರು.

ಮಾದಮ್ಮ ಊದಿದ ತನ್ನ ಕಾಲನ್ನು ನೋಡಿದಳು. ಗಂಡನ ಕೈಯೊಳಗಿನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ನಂಗೆ ಒಂದ್ ಕಿತ ಕಚ್ಚುದ್ದುಕ್ಕೇ ಈಟು ಉರಿ," ಅಂದಳು. "ಕಟುಕ್ನೇ ಆಗಿದ್ರೆ ಕೆಂಚಿಗೆ ಒಂದೇ ಕಿತುಕ್ಕೆ ಮುಗ್ದೋಯ್ತಿತ್ತು."