ಹಿತ್ತಾಳೆ ಆಮೆ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಅವಳು ದೇವರಮನೆಯಲ್ಲಿದ್ದ ಹಿತ್ತಾಳೆ ಆಮೆಯನ್ನು ಚೀಲಕ್ಕೆ ಹಾಕಿಕೊಂಡು ಗಂಡನ ಆಫೀಸಿಗೆ ಹೋದಳು. "ಆಫೀಸಿನದು, ಒಂದು ತಿಂಗಳು ನಮ್ಮಲ್ಲಿರುತ್ತೆ" ಎಂದಷ್ಟೇ ಹೇಳಿ ಅವನು ಅದನ್ನು ತಂದಿದ್ದ. ಶುಭವೆಂದು ಅತ್ತೆ ದೇವರ ಮುಂದೆ ಇಟ್ಟಿದ್ದರು. ಅಂದಿನಿಂದ ಅವನು ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ. ಕೊನೆಗೆ ಮೀಟಿಂಗಿನಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ.

ಅವಳು ಚೀಲದಿಂದ ತೆಗೆದ ಆಮೆಯನ್ನು ಕಂಡು ಎಲ್ಲರೂ ತಲೆ ತಗ್ಗಿಸಿದರು.

"ಏನಿದು? ಬಹುಮಾನವಾ?" ಎಂದು ಅವಳು ಕೇಳಿದಳು.

"ಅಲ್ಲಕ್ಕಾ," ಎಂದಳು ಬಾಗಿಲ ಬಳಿಯ ಮೇಜಿನ ಹುಡುಗಿ. "ಟಾರ್ಗೆಟ್‌ನಲ್ಲಿ ಕೊನೆಗೆ ಬಂದೋರು ಇದನ್ನ ಮನೆಗೆ ಒಯ್ಯಬೇಕು. ಮನೆಯವರೂ ನೋಡ್ಲಿ ಅಂತ. ನಮ್ಮನೇಲಿ ಎರಡು ಸಲ ಇತ್ತು. ನಮ್ಮತ್ತೆ ಅದನ್ನ ನನ್ನ ಹೆಸರಿಂದಾನೇ ಕರೀತಿದ್ರು."

ಅವಳು ಆಮೆಯನ್ನು ಎತ್ತಿ ಹಿಡಿದಳು. "ನನ್ನ ಗಂಡನ್ನ ಕೊಂದಿದ್ದು ಇದೇ. ಇಂಥ ಪದ್ಧತಿ ಯಾರು ಶುರು ಮಾಡಿದ್ದು?"



"ಬಿಡಿ ಮೇಡಂ, ಆಗಿದ್ದು ಆಗೋಯ್ತು," ಎಂದರು ಮ್ಯಾನೇಜರು.

"ಬಿಡೋಕಾಗಲ್ಲ ಸಾರ್. ಶುರು ಮಾಡಿದವರ ಮೇಜಿನ ಮೇಲೇ ಇಟ್ಟು ಹೋಗ್ತೀನಿ. ಯಾವ ಮೇಜು, ತೋರಿಸಿ."

ಹುಡುಗಿ ಎದ್ದು ನಿಂತು, ಕಿಟಕಿಯ ಪಕ್ಕದಲ್ಲಿ ಅವಳ ಗಂಡನ ಫೋಟೋಗೆ ಹಾರ ಹಾಕಿಟ್ಟಿದ್ದ ಮೇಜನ್ನು ತೋರಿಸಿದಳು.