ಎರಡನೆಯ ದಿನದ ಮೆಟ್ಟಿಲು

“ಎರಡು ಮಹಡಿ ಹತ್ತಿ ಇಳೀರಿ ಟೀಚರ್. ಅಷ್ಟಾತಂದ್ರ ನೀವು ಸಾಲಿಗೆ ಹೋಗಿ ಪಾಠ ಮಾಡಬಹುದು ಅಂತ ಬರೀತೇನಿ,” ಎಂದರು ಡಾಕ್ಟರ್ ಹನಮೇಶ. ಅವರ ಮೇಜಿನ ಮೇಲೆ ದಾಕ್ಷಾಯಿಣಿಯ ಎರಡು ವರ್ಷದ ರಿಪೋರ್ಟುಗಳಿದ್ದವು. ರಕ್ತ, ಹೃದಯ, ಥೈರಾಯ್ಡ್ ಎಲ್ಲವೂ ಸರಿ. ಒಂದು ಜ್ವರ ಬಂದು ಹೋದಂದಿನಿಂದ ಈ ಗಣಿತದ ಟೀಚರ್ ತಲೆ ಬಾಚಿಕೊಂಡರೂ ಮಲಗಬೇಕಾಗುತ್ತಿತ್ತು. ಅದು ಮಾತ್ರ ಯಾವ ರಿಪೋರ್ಟಿನಲ್ಲೂ ಇರಲಿಲ್ಲ. ಈ ವಾರ ಡಾಕ್ಟರು ರಜೆ ಮುಂದುವರಿಸಲು ಬರೆದುಕೊಡದಿದ್ದರೆ ಅವಳ ನೌಕರಿ ಹೋಗುತ್ತಿತ್ತು.

ದಾಕ್ಷಾಯಿಣಿ ಚೀಲದಿಂದ ಹನ್ನೆರಡು ಹಾಳೆ ತೆಗೆದು ಮುಂದಿಟ್ಟಳು. “ಕ್ರಾನಿಕ್ ಫೆಟೀಗ್ ಸಿಂಡ್ರೋಮ್, ಅಂದ್ರ ಬಿಡದ ದಣಿವಿನ ರೋಗದ ಮ್ಯಾಲಿನ ಸಂಶೋಧನೆ ಸರ್. ಒಂದ ದಿನ ದಣಿಸಿ ನೋಡಿದ್ರ ಈ ರೋಗ ಕಾಣೂದಿಲ್ಲ, ಮರುದಿನ ಮತ್ತ ದಣಿಸಿದ್ರ ಕಾಣತೈತಿ ಅಂತ ಬರದಾರ.”

“ಇಂಟರ್‌ನೆಟ್ಟಿನ್ಯಾಗ ಸಿಕ್ಕಿದ್ದೆಲ್ಲಾ ಖರೇ ಅಲ್ರಿ.”

“ಅಲ್ಲಿ ಪುಕ್ಕಟೆ ಓದಾಕ ಬಿಡೂದಿಲ್ರಿ. ಬರದವರಿಗೇ ಪತ್ರ ಹಾಕಿ ತರಿಸೇನಿ.”

ಆ ಪತ್ರ ಬರೆಯಲು ನಾಲ್ಕು ದಿನ ಹಿಡಿದಿತ್ತು. ಮೊಬೈಲು ನೋಡಲು ಅವಳಲ್ಲಿ ದಿನಕ್ಕೆ ಹತ್ತೇ ನಿಮಿಷದ ಶಕ್ತಿ. ಲೇಖನವನ್ನು ದಿನಕ್ಕೆ ಅರ್ಧ ಪುಟದಂತೆ ಓದಿದ್ದಳು. ಕೊನೆಯ ಪುಟಗಳನ್ನು ಗಂಡ ಶಿವಯೋಗೀಶ ಗಟ್ಟಿಯಾಗಿ ಓದಿ ಹೇಳಿದ್ದ. ಹಿಂದಿನ ವರ್ಷ ಮೈಗಳ್ಳಿ ಎಂದು ಬೈದು, ನಸುಕಿನಲ್ಲೇ ಎಬ್ಬಿಸಿ ನವನಗರದ ರಸ್ತೆಗಳಲ್ಲಿ ನಡೆಸುತ್ತಿದ್ದವನೂ ಅವನೇ. ದಣಿಸಿದರೆ ಈ ರೋಗ ಹೆಚ್ಚುತ್ತದೆ ಎಂಬ ಸಾಲನ್ನು ಅವನು ಎರಡು ಸಲ ಓದಿದ್ದ.

ಡಾಕ್ಟರು ಹಾಳೆಗಳನ್ನು ಮುಟ್ಟಲಿಲ್ಲ. “ಹತ್ತಾಕ ಆಗೂದಿಲ್ಲ ಅಂದ್ರ ಹಂಗ ಹೇಳ್ರಿ.”

“ಹತ್ತತೇನಿ. ಆದ್ರ ನಾಳೆ ಇದ ಹೊತ್ತಿಗೆ ಮತ್ತೊಮ್ಮೆ ಹತ್ತಸ್ರಿ. ಎರಡೂ ನೋಡಿ ಬರೀರಿ.”

“ಬ್ಯಾಡ ದಾಕ್ಷಾ!” ಪಕ್ಕದ ಕುರ್ಚಿಯಲ್ಲಿದ್ದ ಶಿವಯೋಗೀಶ ಎದ್ದು ನಿಂತ. “ನೌಕರಿ ಹೋದ್ರ ಹೋಗಲಿ. ಹೊಳ್ಳಿ ಏಳಾಕ ಬರದಂಗ ಬಿದ್ರ ಏನು ಮಾಡೂದು?”

“ಎರಡು ವರ್ಷ ಮನ್ಯಾಗ ಬಿದ್ದದ್ದು ಯಾರಿಗೂ ಕಾಣಲಿಲ್ರಿ. ಇವರ ಮುಂದ ಬೀಳತೇನಿ.”

“ಆತು, ನಾಳೆನೂ ನೋಡೇ ಬರೀತೇನಿ,” ಎಂದರು ಡಾಕ್ಟರು. ಅವಳು ಹತ್ತಿದಳು. ಎಲ್ಲೂ ನಿಲ್ಲದೆ ಇಳಿದೂ ಬಂದಳು. ಡಾಕ್ಟರು ನಾಡಿ ಹಿಡಿದು, “ನೋಡ್ರಿ, ಏನೂ ಆಗಿಲ್ಲ,” ಎಂದು ನಕ್ಕರು. ಆದರೂ ಮಾತು ಕೊಟ್ಟಿದ್ದರಿಂದ ಪೆನ್ನು ಮುಚ್ಚಿಟ್ಟರು. ಸಂಜೆಯ ಹೊತ್ತಿಗೆ ಅವಳಿಗೆ ಬೆಳಕು ತಾಳಲಾಗಲಿಲ್ಲ. ಅನ್ನ ಅಗಿಯಲೂ ಆಗದೆ, ಶಿವಯೋಗೀಶ ಗಂಜಿಯನ್ನು ಚಮಚದಿಂದ ಬಾಯಿಗೆ ಹಾಕಿದ.

ಮರುದಿನ ಅವನು ಅವಳನ್ನು ಆಸ್ಪತ್ರೆಯ ಗಾಲಿಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿನ ಬುಡಕ್ಕೆ ತಂದ. ಅವಳು ಕಟಕಟೆ ಹಿಡಿದು ಎದ್ದಳು. ಒಂದು, ಎರಡು, ಮೂರು. ನಾಲ್ಕನೆಯ ಮೆಟ್ಟಿಲಿಗೆ ಕಾಲು ಎತ್ತಿದಳು, ಕಾಲು ಏಳಲಿಲ್ಲ. ಕೈ ಜಾರಿ ಕುಸಿದು ಕುಳಿತಳು.

“ಸಾಕು! ಸಾಕ್ರಿ ಟೀಚರ್!” ಡಾಕ್ಟರು ಓಡಿ ಬಂದು ನಾಡಿ ಹಿಡಿದರು. ಈ ಸಲ ನಗಲಿಲ್ಲ. ಅವಳನ್ನು ಮಂಚಕ್ಕೆ ಸಾಗಿಸಿ, ಆರು ತಿಂಗಳ ರಜೆಗೆ ಸಹಿ ಹಾಕಿ, ಹಾಳೆಗಳನ್ನು ಕೇಳಿ ಇಸಿದುಕೊಂಡು ಅಲ್ಲೇ ನಿಂತು ಓದತೊಡಗಿದರು. ಕೊನೆಯ ಪುಟ ಮುಗಿದರೂ ಏನನ್ನೋ ಹುಡುಕುತ್ತಿದ್ದರು.

“ಎರಡು ದಿನ ದಣಿಸಿದ್ರಲ್ಲ, ಆ ರೋಗಿಗಳು ಸುಧಾರಿಸ್ಕೊಳ್ಳಾಕ ಎಷ್ಟು ದಿನ ಹಿಡೀತು? ಅದು ಎಲ್ಲಿ ಐತಿ?”

ದಾಕ್ಷಾಯಿಣಿ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು:

“ಅದನ್ನ ಬರದಿಲ್ರಿ. ಮೂರನೇ ದಿನ ಎಲ್ಲಾರನೂ ಮನಿಗೆ ಕಳಿಸಿಬಿಟ್ಟಾರ.”