ಮೈನಸ್ ಎಲ್ಲಿಂದ ಬಂತು?

"ಅಪ್ಪಾ, ನನ್ನ ದಾರ ಯಾರು ಬಿಚ್ಚಿ ಕಟ್ಟಿದ್ದು?"

ಊಟದ ತಟ್ಟೆ ತೆಗೆದು, ಮೇಜು ಒರೆಸಿ, ಮೊಳೆಯ ಹಲಗೆಯನ್ನು ಮತ್ತೆ ಮಗಳ ಮುಂದಿಟ್ಟ ತಾಯಿ ಇನ್ನೂ ಒದ್ದೆ ಕೈ ಒರೆಸಿಕೊಂಡಿರಲಿಲ್ಲ. ಅಷ್ಟರಲ್ಲಿ ದೂರು ಬಂತು. ತಂದೆ ಹೆಂಡತಿಯ ಮುಖ ನೋಡಿದ. "ನನ್ನನ್ನೇನು ನೋಡ್ತೀರಿ? ನಿಮ್ಮ ಮೊಳೆ ತಾಗಿ ನನ್ನ ಕೈಯೇ ತರಚಿದೆ, ಇನ್ನು ದಾರ ಬಿಚ್ಚಲಾ?" ಎಂದಳು ಆಕೆ.

ತಂದೆ ಸೋಫಾಗಳಿಗೆ ಬಟ್ಟೆ ಹೊದಿಸುವವನು. ಚೌಕದ ಪ್ಲೈವುಡ್ ತುಂಡೊಂದಕ್ಕೆ ಉದ್ದಕ್ಕೂ ಅಡ್ಡಕ್ಕೂ ಸಮಸಮ ಅಂತರದಲ್ಲಿ ಗುಂಡುತಲೆಯ ಮೊಳೆಗಳನ್ನು ಅರ್ಧರ್ಧ ಹೊಡೆದು ಕೊಟ್ಟವನು ಅವನೇ. ನಟ್ಟನಡುವಿನದು ದಪ್ಪ ಮೊಳೆ, ಲೆಕ್ಕವೆಲ್ಲ ಅಲ್ಲಿಂದ ಶುರು. ದಾರ ಕಟ್ಟಿದರೆ ರೇಖೆ, ಮೊಳೆಗೆ ಬಟನ್ ಸಿಕ್ಕಿಸಿದರೆ ಬಿಂದು. ಹೋದ ವರ್ಷ ಒಂದು ಜ್ವರ ಮಗಳ ಕಣ್ಣು ಕೊಂಡುಹೋದ ಮೇಲೆ ಅವಳ ಗ್ರಾಫ್ ಪುಸ್ತಕ ಇದೇ.

ಮಧ್ಯಾಹ್ನ ಶಾಲೆಯಿಂದ ಟೀಚರ್ ಫೋನ್ ಮಾಡಿದ್ದರು. ಗ್ರಾಫಿನ ಪಾಠ ಇವಳಿಗೆ ಬೇಡವೆಂದರೆ ಬಿಡಿಸುತ್ತೇವೆ, ಪರೀಕ್ಷೆಯಲ್ಲಿ ಬೇರೆ ಪ್ರಶ್ನೆ ಕೊಡುತ್ತೇವೆ, ನಾಳೆ ಹೇಳಿ ಎಂದಿದ್ದರು. ಗಣಿತವನ್ನು ಜೀವಮಾನವೆಲ್ಲ ಕಬ್ಬಿಣದ ಕಡಲೆ ಎಂದೇ ನಂಬಿದ ತಂದೆಗೆ ಹೋದ ಜೀವ ಬಂದಂತಾಗಿತ್ತು. ಮಗಳು ತಡಕಾಡುವುದನ್ನು ನೋಡಿಕೊಂಡು ಕೂರುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಮಗಳು ಮಾತ್ರ ಬಿಡಲೊಲ್ಲೆ ಎಂದು ಸಂಜೆಯಿಂದ ಒಂದೇ ಲೆಕ್ಕ ಹಿಡಿದು ಕೂತಿದ್ದಳು. ದಾರಕ್ಕೆ ಲಂಬವಾಗಿ, ಬಟನ್ ಮೂಲಕ ಹಾಯುವ ರೇಖೆಯ ಸಮೀಕರಣ ಬೇಕು. ಇಳಿಜಾರನ್ನು ತಲೆಕೆಳಗು ಮಾಡಿ ಮೈನಸ್ ಹಚ್ಚು ಎಂಬ ಸೂತ್ರ ಅವಳಿಗೆ ಬಾಯಿಪಾಠ. "ಆದ್ರೆ ಮೈನಸ್ ಎಲ್ಲಿಂದ ಬಂತು?" ಎಂದು ಕೇಳಿದ್ದಳು. "ಪುಸ್ತಕದಲ್ಲಿದೆಯಲ್ಲ, ಒಪ್ಕೊಂಡುಬಿಡು," ಎಂದಿದ್ದ ತಂದೆ. "ಉಳಿದೋರೆಲ್ಲ ಚಿತ್ರ ನೋಡಿ ಒಪ್ಕೋತಾರೆ. ನಾನೇನು ನೋಡಿ ಒಪ್ಕೊಳ್ಳಲಿ?" ಎಂದಿದ್ದಳು ಮಗಳು. ಕೊನೆಗೆ ಊಟಕ್ಕೆ ಕರೆದಾಗ ಹಲಗೆಯನ್ನು ದೂರ ತಳ್ಳಿ, "ಟೀಚರ್‌ಗೆ ಹೂಂ ಅಂದುಬಿಡಪ್ಪ. ನನ್ನ ಕೈಲಾಗಲ್ಲ," ಎಂದಿದ್ದಳು. ಬಾಯಿ ಬೇಡವೆಂದರೂ ಬೆರಳು ಕೇಳಬೇಕಲ್ಲ!

"ಆಗ ದಾರ ಎರಡು ಮೊಳೆ ಬಲಕ್ಕೆ ಹೋಗಿ ಒಂದು ಮೇಲಕ್ಕೆ ಹತ್ತುತ್ತಿತ್ತು. ಈಗ ಎರಡು ಮೇಲಕ್ಕೆ ಹತ್ತಿ ಒಂದು ಎಡಕ್ಕೆ ಹೋಗ್ತಿದೆ," ಎಂದಳು ಈಗ.

ತಂದೆ ಬಗ್ಗಿ ನೋಡಿದ. ಅವನು ಹಲಗೆಯ ಅಂಚಿಗೆ ಪೆನ್ಸಿಲಿನಲ್ಲಿ ಬರೆದಿದ್ದ ಅಂಕಿಗಳೆಲ್ಲ ಅಡ್ಡ ಮಲಗಿದ್ದವು. "ಯಾರೂ ಬಿಚ್ಚಿಲ್ಲ ಕಂದ. ನಿಮ್ಮಮ್ಮ ಹಲಗೇನ ಕಾಲು ಸುತ್ತು ತಿರುಗಿಸಿ ಇಟ್ಟಿದ್ದಾಳೆ. ತಾಳು, ಸರಿ ಮಾಡ್ತೀನಿ."

"ಮುಟ್ಬೇಡ!" ಮಗಳು ಎರಡೂ ಅಂಗೈಗಳಿಂದ ಹಲಗೆಯನ್ನು ಒತ್ತಿ ಹಿಡಿದಳು. ಬೆರಳು ದಾರದುದ್ದಕ್ಕೂ ಓಡಾಡಿತು. "ಕಾಲು ಸುತ್ತು ಅಂದ್ರೆ ಲಂಬಾನೇ ಅಲ್ವಾ ಅಪ್ಪ? ಅಡ್ಡ ಇದ್ದ ಎರಡು ಎದ್ದು ನಿಂತ್ಕೊಂಡಿತು. ನಿಂತಿದ್ದ ಒಂದು ಹಿಂದಕ್ಕೆ ಬಿತ್ತು. ಹಿಂದಕ್ಕೆ! ಮೈನಸ್ ಅಲ್ಲಿಂದ ಬಂತು!"

"ಹಾಗಾದ್ರೆ ನಾನು ಇಟ್ಟಿದ್ದು ತಪ್ಪೋ ಸರಿಯೋ?" ತಾಯಿ ಕೇಳಿದಳು.

"ತಪ್ಪೇ. ಹೀಗೇ ತಪ್ಪು ಮಾಡ್ತಿರು ಅಮ್ಮ."

ಮಗಳು ಹಲಗೆಯನ್ನು ತಾನೇ ನೇರ ತಿರುಗಿಸಿಕೊಂಡು ಇನ್ನೊಂದು ದಾರ ಎತ್ತಿಕೊಂಡಳು. ಬಟನ್‌ನಿಂದ ಎಡಕ್ಕೆ ಒಂದು, ಮೇಲಕ್ಕೆ ಎರಡು. ನಡುವಿನ ನಿಂತ ಸಾಲಿನಲ್ಲಿ, ದಪ್ಪ ಮೊಳೆಯಿಂದ ಮೇಲಕ್ಕೆ ಐದನೆಯ ಮೊಳೆ ಸಿಕ್ಕಿತು. ಮತ್ತೆ ಬಟನ್‌ನಿಂದ ಬಲಕ್ಕೆ ಒಂದು, ಕೆಳಕ್ಕೆ ಎರಡು. ಹೊಸ ದಾರ ಹಳೆಯ ದಾರವನ್ನು ಹೋಗಿ ಮುಟ್ಟಿತು. "ವೈ ಈಸ್ ಈಕ್ವಲ್ ಟು ಮೈನಸ್ ಎರಡು ಎಕ್ಸ್, ಪ್ಲಸ್ ಐದು," ಎಂದಳು. ತಂದೆ ಮರ ಕೊಯ್ಯುವಾಗ ಬಳಸುವ ಮೂಲೆಮಟ್ಟ ತಂದು, ಎರಡು ದಾರ ಕೂಡಿದ ಮೂಲೆಗೆ ಹಿಡಿದ. ಕೂದಲೆಳೆಯಷ್ಟೂ ಸಂದಿರಲಿಲ್ಲ.

ಅವನಿಗೆ ಮಗಳ ಬಗ್ಗೆ ಹೆಮ್ಮೆಯಾಯಿತು. ಟೀಚರ್ ಮಾತಿಗೆ ಅಷ್ಟು ಬೇಗ ಹಗುರಾದ ತನ್ನ ಬಗ್ಗೆ ನಾಚಿಕೆಯೂ ಆಯಿತು.

"ನಾಳೆ ಟೀಚರ್‌ಗೆ ಏನಂತೀರಿ?" ಹೆಂಡತಿ ಮೆಲ್ಲಗೆ ಕೇಳಿದಳು.

"ಎಲ್ಲಾರಿಗೂ ಕೊಡೋ ಪ್ರಶ್ನೇನೇ ಇವಳಿಗೂ ಕೊಡಿ ಅಂತೀನಿ."

ಮಗಳ ಮುಖ ಅರಳಿತು. "ಅಪ್ಪಾ, ನಿನಗೆ ಅರ್ಥ ಆಯ್ತಾ?"

"ಆಗದೆ ಏನು? ಆಯ್ತು."

"ಸುಳ್ಳು. ಕೈ ಕೊಡು ಇಲ್ಲಿ." ಅವಳು ಅವನ ಒರಟು ತೋರುಬೆರಳನ್ನು ಹಿಡಿದು ಮೊದಲ ದಾರದ ಮೇಲಿಟ್ಟಳು. ದಾರ ಚೆನ್ನಾಗಿ ಕಾಣಲೆಂದು ಅವನು ಬಗ್ಗಿದ. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗಿತು.

"ನೋಡ್ಬೇಡಪ್ಪ," ಎಂದಳು ಮಗಳು. "ಕಣ್ಣು ಮುಚ್ಕೋ. ಕಣ್ಣು ಬಿಟ್ಕೊಂಡಿದ್ರೆ ಅದು ನಿನಗೆ ಬರೀ ದಾರ."